ಗಾಳಿ ಹಾಕಿಸಿದರೆ ರಿಪೇರಿ ಆಯಿತೇನ್ರೀ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಟೈರಿಗೆ ಗಾಳಿ ಹಾಕೋದು ಬೇರೆ, ಟೈರಿಂದ ಗಾಳಿ ಸೋರೋದನ್ನ ನಿಲ್ಲಿಸೋದು ಬೇರೆ. ಇದೇನು ಹೇಳಬೇಕಾದ ಮಾತೇ ಅಂತ ನಗಬೇಡಿ. ಪುಣೆಗೆ ಬಂದು ಮೂವತ್ತು ವರ್ಷ ಆಯ್ತು, ಇವೆರಡೂ ಒಂದೇ ಅಂತ ನಂಬಿದವರೇ ನನಗೆ ಜಾಸ್ತಿ ಸಿಕ್ಕಿದ್ದು. ಇಲ್ಲಿ ಅದಕ್ಕೊಂದು ಸಿದ್ಧ ಮಾತೇ ಇದೆ - "ಹವಾ ಭರೂನ್ ಘೇಊ, ಬಘೂ ನಂತರ್." ಗಾಳಿ ಹಾಕಿಸ್ಕೊಳ್ಳೋಣ, ಆಮೇಲೆ ನೋಡೋಣ. ಊರಿಗೆ ಹೋದರೆ ಅದೇ ಮಾತು ನಮ್ಮ ಭಾಷೆಯಲ್ಲಿ - "ಹವಾ ಹೊಡಸಿದ್ರ ಆತ ಬಿಡ್ರಿ!" ಗಡಿ ಜಗಳ ಏನೇ ಇರಲಿ, ಈ ವಿಷಯದಲ್ಲಿ ಮಾತ್ರ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಪೂರ್ತಿ ಒಮ್ಮತ.

ನಾನು ಇಂಜಿನಿಯರ್ ಅಲ್ಲ, ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಆದರೆ ಸರ್ವಿಸಿನ ಬಹಳಷ್ಟು ವರ್ಷ ಪುಣೆ ಜಿಲ್ಲೆಯ ಹಳ್ಳಿ ಕಡೆಯ ಶಾಖೆಗಳಲ್ಲಿ ಕೃಷಿ ಸಾಲದ ಮೇಜಿನ ಮುಂದೆ ಕೂತಿದ್ದೀನಿ. ಟ್ರ್ಯಾಕ್ಟರು, ಟ್ರೇಲರು, ಪೈಪ್‌ಲೈನು, ಬಾವಿ - ಇವುಗಳ ಫೈಲು ನೋಡಿ ನೋಡಿ, ತಪಾಸಣೆಗೆ ಅಂತ ಹೋಗಿ ಮುಟ್ಟಿ ನೋಡಿ ಕಲಿತದ್ದು ಇಷ್ಟು. ಈ ಲೇಖನ ಟ್ರೇಲರಿನ ಟೈರಿನ ಬಗ್ಗೆ, ಅದರಲ್ಲೂ ಸಣ್ಣಗೆ ಗಾಳಿ ಇಳಿಯೋ ಟೈರಿನ ಬಗ್ಗೆ. ಇಲ್ಲಿಯವರು ಅದನ್ನ 'ಸ್ಲೋ ಪಂಕ್ಚರ್' ಅಂತಾರೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಯಾಕೆ ಅಂತೀರಾ? ದೀಪಾವಳಿ ಕಳೆದ ಮೇಲೆ ಒಂದು ಸಂಜೆ ದೌಂಡ್, ಬಾರಾಮತಿ, ಇಂದಾಪುರದ ಕಡೆ ಹೋಗಿ ನೋಡಿ. ಅಥವಾ ನಮ್ಮ ಕಡೆ ಅಥಣಿ, ಜಮಖಂಡಿ, ಮುಧೋಳ, ಚಿಕ್ಕೋಡಿ. ಕಬ್ಬು ನುರಿಸೋ ಹಂಗಾಮು ಶುರುವಾದರೆ ಮಾರ್ಚ್‌ವರೆಗೆ ರಸ್ತೆ ನಮ್ಮದಲ್ಲ, ಕಬ್ಬಿನದು. ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಮೇಲೆ ಎರಡೂ ಬದಿಗೆ ಚಾಚಿಕೊಂಡ ಕಬ್ಬು. ಟ್ರೇಲರಿನ ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ಬೈಕಿನವನು, ಕಾರಿನವನು, ಶಾಲೆಯ ಮಕ್ಕಳ ವ್ಯಾನು - ಎಲ್ಲರೂ ಅದನ್ನ ಸವರಿಕೊಂಡೇ ಹೋಗಬೇಕು. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯೋಕೆ ಬರುವ ಕುಟುಂಬಗಳು ಪಾತ್ರೆ ಪಗಡೆ, ಕೂಸು ಕುನ್ನಿ ಸಮೇತ ಇಂಥ ಟ್ರೇಲರುಗಳಲ್ಲೇ ಊರಿಂದ ಊರಿಗೆ ಹೋಗೋದನ್ನ ನೀವೂ ನೋಡಿರ್ತೀರಿ. ಅಷ್ಟೂ ಜನರ ಜೀವ ಆ ಟೈರುಗಳ ಮೇಲೆ ನಿಂತಿದೆ ಸ್ವಾಮಿ.

ಲೆಕ್ಕ ಹಾಕಿ. ನಾಲ್ಕು ಚಕ್ರದ ಒಂದು ಟ್ರೇಲರಿನಲ್ಲಿ 10 ಟನ್ ಕಬ್ಬು ಇದೆ ಅಂತ ಇಟ್ಕೊಳ್ಳಿ. ಒಂದೊಂದು ಟೈರಿನ ಪಾಲಿಗೆ 2.5 ಟನ್. ಟ್ರೇಲರಿನ ಸ್ವಂತ ತೂಕ ಇನ್ನೂ ಸೇರಿಸಿಲ್ಲ. ಈ ಭಾರ ಹೊರೋದು ರಬ್ಬರು ಅಂತ ತಿಳ್ಕೊಂಡಿದ್ದರೆ ಅದು ತಪ್ಪು. ಭಾರ ಹೊರೋದು ಒಳಗಿನ ಗಾಳಿ. ರಬ್ಬರು, ನೈಲಾನ್ ದಾರ ಎಲ್ಲ ಆ ಗಾಳಿಯನ್ನ ಹಿಡಿದಿಟ್ಟುಕೊಳ್ಳೋ ಚೀಲ ಅಷ್ಟೇ. ಚೀಲದಲ್ಲಿ ಗಾಳಿ ಕಡಿಮೆ ಆದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತೆ, ಬಿಚ್ಚುತ್ತೆ. ತಂತಿ ತುಂಡು ಮಾಡೋಕೆ ಇಕ್ಕಳ ಸಿಗದಿದ್ದಾಗ ಏನು ಮಾಡ್ತೀವಿ? ಹಿಂದೆ ಮುಂದೆ ಬಗ್ಗಿಸ್ತೀವಿ. ಬಗ್ಗಿಸಿದ ಜಾಗ ಬಿಸಿಯಾಗುತ್ತೆ, ಆಮೇಲೆ ಮುರಿಯುತ್ತೆ. ಟೈರಿನೊಳಗೂ ಅದೇ ನಡೆಯೋದು. ಬಿಸಿಗೆ ರಬ್ಬರಿಗೂ ದಾರಕ್ಕೂ ಇರೋ ಅಂಟು ಬಿಡುತ್ತೆ, ಪದರ ಪದರವಾಗಿ ಏಳುತ್ತೆ, ಒಂದು ದಿನ ಸಿಡಿಯುತ್ತೆ. ಸಿಡಿಯೋದು ಒಂದು ಕ್ಷಣದ ಕೆಲಸ ಇರಬಹುದು, ಅದರ ತಯಾರಿ ಮಾತ್ರ ವಾರಗಟ್ಟಲೆ ನಡೆದಿರುತ್ತೆ.

ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲಿ ಗಾಳಿ ಕಡಿಮೆ ಆದರೆ ಡ್ರೈವರಿಗೆ ಕೈಗೇ ಗೊತ್ತಾಗುತ್ತೆ, ಸ್ಟೇರಿಂಗು ಒಂದು ಕಡೆ ಎಳೆಯುತ್ತೆ. ಟ್ರೇಲರಿನಲ್ಲಿ ಹಾಗಿಲ್ಲ. ಅದು ಅವನ ಬೆನ್ನ ಹಿಂದೆ. ಎರಡನೇ ಟ್ರೇಲರಿನ ಹಿಂದಿನ ಚಕ್ರ ಅಂತೂ ಎಷ್ಟೋ ದೂರ. ಕಬ್ಬು ಜೋತುಬಿದ್ದು ಚಕ್ರ ಅರ್ಧ ಮುಚ್ಚಿರುತ್ತೆ, ಕತ್ತಲೆ ಬೇರೆ, ಇಂಜಿನ್ ಸದ್ದು, ಅದರ ಮೇಲೆ ಡೆಕ್ಕಿನ ಹಾಡು! ಅವನಿಗೆ ಹೇಗೆ ತಿಳೀಬೇಕು? ತಿಳಿಯೋದು ಒಂದೇ ರೀತಿ. ಇಳಿದು, ಸುತ್ತು ಹಾಕಿ, ಗೇಜು ಇಟ್ಟು ನೋಡಬೇಕು. ಗೇಜು ಇಟ್ಟುಕೊಂಡ ಟ್ರ್ಯಾಕ್ಟರ್ ಡ್ರೈವರನ್ನ ನಾನಂತೂ ಬೆರಳೆಣಿಕೆಯಷ್ಟು ನೋಡಿದ್ದೀನಿ. ಮಿಕ್ಕವರದ್ದು ಕಾಲಿನ ಗೇಜು. ಒದ್ದು ನೋಡೋದು, 'ಐತಿ' ಅನ್ನೋದು. ಇಷ್ಟು ದಪ್ಪ ಪದರದ ಟೈರಿನಲ್ಲಿ ಗಾಳಿ ಸಾಕಷ್ಟು ಇಳಿದಿದ್ದರೂ ಒದ್ದರೆ ಗಟ್ಟಿಯಾಗೇ ಇರುತ್ತೆ ಅನ್ನೋದು ಕಾಲಿಗೆ ಗೊತ್ತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎರಡು ದಿನಕ್ಕೊಮ್ಮೆ ಗಾಳಿ ಇಳಿಯೋ ಟೈರಿಗೆ ಎರಡು ದಿನಕ್ಕೊಮ್ಮೆ ಗಾಳಿ ಹಾಕಿಸಿದರೆ ಏನಾಯ್ತು? ಬ್ಯಾಂಕಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಸಾಲ ಕಟ್ಟಲಾಗದವನಿಗೆ ಇನ್ನೊಂದು ಸಾಲ ಕೊಟ್ಟು ಅದರಲ್ಲಿ ಹಳೇ ಕಂತು ಜಮಾ ಮಾಡಿಸಿ, ಖಾತೆ ಚೆನ್ನಾಗಿದೆ ಅಂತ ತೋರಿಸೋದಕ್ಕೆ ನಮ್ಮಲ್ಲಿ 'ಎವರ್‌ಗ್ರೀನಿಂಗ್' ಅಂತಾರೆ. ಪುಸ್ತಕದಲ್ಲಿ ಖಾತೆ ಹಸಿರು, ಒಳಗೆ ತೂತು ಹಾಗೇ ಇದೆ, ದಿನಾ ದೊಡ್ಡದಾಗ್ತಿದೆ. ರಿಸರ್ವ್ ಬ್ಯಾಂಕು ಇದನ್ನ ಒಪ್ಪಲ್ಲ. 2004ರ ಮಾರ್ಚಿನಿಂದ ಸಾಮಾನ್ಯ ಸಾಲಗಳಿಗೆ 90 ದಿನದ ಗೆರೆ ಎಳೆದಿದೆ. 2014ರಿಂದ ಅದಕ್ಕೂ ಮುಂಚೆಯೇ, ಕಂತು ತಪ್ಪಿದ ಮೊದಲ ತಿಂಗಳಲ್ಲೇ, ಈ ಖಾತೆ ಮೇಲೆ ಕಣ್ಣಿಡಿ ಅಂತ ಗುರುತು ಹಾಕೋ ಪದ್ಧತಿ ಬಂತು. ಗಾಳಿ ಸೋರೋ ಟೈರಿಗೆ ಬರೀ ಗಾಳಿ ಹಾಕಿಸೋದು ಶುದ್ಧ ಎವರ್‌ಗ್ರೀನಿಂಗ್! ಸಾಲದ ವಿಷಯದಲ್ಲಿ ಮುಳುಗೋದು ದುಡ್ಡು. ಇಲ್ಲಿ ಮುಳುಗೋದು ಮನುಷ್ಯ.

ಸರಿ, ರಿಪೇರಿ ಅಂದರೆ ಏನು? ದೊಡ್ಡ ವಿದ್ಯೆ ಏನಲ್ಲ. ಮೊದಲು ಸೋರ್ತಿದೆಯೋ ಇಲ್ಲವೋ ಖಚಿತ ಮಾಡ್ಕೋಬೇಕು. ಎಲ್ಲ ಟ್ಯೂಬೂ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತೆ, ಅದು ಸಹಜ. ಚಳಿಗಾಲದಲ್ಲಿ ಪುಣೆ ಕಡೆ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 20 ಡಿಗ್ರಿ ವ್ಯತ್ಯಾಸ ಇರೋ ದಿನಗಳೂ ಉಂಟು. ಅಷ್ಟಕ್ಕೇ ಒತ್ತಡ ನೂರಕ್ಕೆ ಆರೇಳು ಪಾಲು ಏರಿಳಿಯುತ್ತೆ. ಅದಕ್ಕೇ ಬೆಳಿಗ್ಗೆ, ಗಾಡಿ ಓಡೋಕೆ ಮುಂಚೆ, ಟೈರು ತಣ್ಣಗಿರುವಾಗ ನಾಲ್ಕೂ ಚಕ್ರ ಅಳೀಬೇಕು, ಬರೆದಿಡಬೇಕು. ಮೂರು ದಿನ ಹೀಗೆ ಮಾಡಿದರೆ ಸಾಕು. ಮೂರು ಅಣ್ಣತಮ್ಮಂದಿರು ಒಂದೇ ರೀತಿ ಇದ್ದು ನಾಲ್ಕನೆಯವನು ಮಾತ್ರ ಇಳೀತಾ ಇದ್ದರೆ, ಅವನೇ ಕಳ್ಳ. ಹವೆಯ ಮೇಲೆ ತಪ್ಪು ಹೊರಿಸಬೇಡಿ.

ಆಮೇಲೆ ವಾಲ್ವು. ಗಾಳಿ ತುಂಬೋ ಬಾಯಿಯೊಳಗೆ ಒಂದು ಪುಟ್ಟ ಪಿನ್ನು ಇರುತ್ತೆ. ಅದಕ್ಕೆ ಮಣ್ಣು ಸಿಕ್ಕರೂ ಸೋರುತ್ತೆ, ಅದರ ರಬ್ಬರು ಒಣಗಿದರೂ ಸೋರುತ್ತೆ. ಸೋಪಿನ ನೀರು ಒಂದು ಹನಿ ಬಿಡಿ, ಗುಳ್ಳೆ ಎದ್ದರೆ ಪಿನ್ನು ಬದಲಾಯಿಸಿ. ಇದಕ್ಕೆ ಆಗೋ ಖರ್ಚು ಒಂದು ಕಪ್ ಚಹಾದಷ್ಟು. ಅದರ ಮೇಲಿನ ಕ್ಯಾಪು ಅಲಂಕಾರಕ್ಕಲ್ಲ, ಮಣ್ಣು ಹೋಗದಿರಲಿ ಅಂತ ಇಟ್ಟಿರೋದು. ಹೊಲದಲ್ಲಿ ಓಡೋ ಟ್ರೇಲರಿಗೆ ಅದು ತೀರಾ ಬೇಕು, ಆದರೆ ನೂರು ಟ್ರೇಲರು ನೋಡಿ, ಎಷ್ಟಕ್ಕೆ ಕ್ಯಾಪು ಇದೆ ಅಂತ ಎಣಿಸಿ!

ಪಿನ್ನು ಸರಿ ಇದ್ದರೆ ಚಕ್ರ ಬಿಚ್ಚಲೇಬೇಕು. ಬೇರೆ ದಾರಿ ಇಲ್ಲ. ನಮ್ಮ ಕಡೆಯ ಟ್ರೇಲರುಗಳಿಗೆ ಈಗಲೂ ಹೆಚ್ಚಾಗಿ ಟ್ಯೂಬಿನ ಟೈರೇ, 9.00-16 ಅಂತ ಪಕ್ಕದಲ್ಲಿ ಬರೆದಿರುತ್ತೆ. ಟ್ಯೂಬು ಹೊರಗೆ ತೆಗೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನಿಧಾನಕ್ಕೆ ತಿರುಗಿಸಬೇಕು. ಸಣ್ಣ ಸೋರಿಕೆಯ ಗುಳ್ಳೆ ಸಾಸಿವೆಯಷ್ಟು, ಅದೂ ಎಲ್ಲೋ ಒಂದೊಂದು. ಅವಸರ ಮಾಡಿದರೆ ಕಾಣಲ್ಲ. ಹಳೇ ಪ್ಯಾಚಿನ ಅಂಚು ಎದ್ದಿರಬಹುದು. ವಾಲ್ವಿನ ಬುಡ ಸೀಳಿರಬಹುದು - ಹಾಗಿದ್ದರೆ ಟ್ಯೂಬೇ ಬದಲಾಗಬೇಕು, ಅಲ್ಲಿ ಪ್ಯಾಚು ನಿಲ್ಲಲ್ಲ. ರಿಮ್ಮಿನ ತುಕ್ಕು ಚಕ್ಕೆ ಎದ್ದು ಟ್ಯೂಬನ್ನ ಉಜ್ಜಿರಬಹುದು. ಟ್ಯೂಬಿಗೂ ರಿಮ್ಮಿಗೂ ನಡುವೆ ಇರಬೇಕಾದ ರಬ್ಬರಿನ ಪಟ್ಟಿ, ಅದೇ ಫ್ಲಾಪು, ಹರಿದಿರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಮರೆಯೋದು ಟೈರಿನ ಒಳಮೈ. ನಮ್ಮ ಹೊಲಗಳ ಬದುವಿನಲ್ಲಿ ಏನಿದೆ? ಜಾಲಿ! ಜಾಲಿ ಮುಳ್ಳು ಟೈರಿನೊಳಗೆ ಮುರಿದು ಕೂತಿರುತ್ತೆ, ಹೊರಗಿಂದ ಕಾಣಲ್ಲ. ಟ್ಯೂಬಿಗೆ ಎಷ್ಟು ಚೆಂದ ಪ್ಯಾಚು ಹಾಕಿ ಒಳಗೆ ಸೇರಿಸಿದರೂ ಆ ಮುಳ್ಳು ಮತ್ತೆ ಚುಚ್ಚುತ್ತೆ. 'ಪಂಕ್ಚರ್ ಅಂಗಡಿಯವನು ಮೋಸ ಮಾಡಿದ' ಅಂತ ಬೈತೀವಿ. ಒಳ್ಳೆಯ ಕೆಲಸಗಾರ ಹತ್ತಿ ಬಟ್ಟೆ ತಗೊಂಡು ಟೈರಿನ ಒಳಗೆ ಸುತ್ತಲೂ ಸವರ್ತಾನೆ, ಮುಳ್ಳಿದ್ದರೆ ಬಟ್ಟೆಗೆ ಸಿಗುತ್ತೆ. ನಮ್ಮ ಗಲ್ಲಿಯ ಮೂಲೆಯ ಪಂಕ್ಚರ್ ಅಂಗಡಿಯ ಅಣ್ಣ ಕೇರಳದವನು, ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ಸೈಕಲ್ಲಿರಲಿ ಲಾರಿ ಇರಲಿ ಈ ಬಟ್ಟೆ ಸವರದೆ ಟ್ಯೂಬು ಒಳಗೆ ಹಾಕಲ್ಲ. "ಸಾರ್, ತೂತು ಸಿಕ್ಕಿದ್ರೆ ಅರ್ಧ ಕೆಲಸ, ತೂತು ಮಾಡಿದ್ದು ಸಿಕ್ಕಿದ್ರೆ ಪೂರ್ತಿ ಕೆಲಸ" ಅಂತಾನೆ, ಹಿಂದಿ ಮರಾಠಿ ಕಲಸಿ. ನಮ್ಮ ಆಡಿಟ್ ಇಲಾಖೆಗೆ ಅವನನ್ನ ಕಳಿಸಬೇಕು ಅನ್ಸುತ್ತೆ!

ಪ್ಯಾಚು ಹಾಕೋದಕ್ಕೂ ಕ್ರಮ ಇದೆ. ಉಜ್ಜಿ ಒರಟು ಮಾಡಬೇಕು, ಧೂಳು ಒರೆಸಬೇಕು, ಸಲ್ಯೂಶನ್ ಹಚ್ಚಿ ಅದು ಆರೋವರೆಗೆ ಕಾಯಬೇಕು, ಆಮೇಲೆ ಪ್ಯಾಚು ಒತ್ತಬೇಕು. ಹಸಿ ಸಲ್ಯೂಶನ್ ಮೇಲೆ ಒತ್ತಿದ ಪ್ಯಾಚು ಇವತ್ತು ಹಿಡಿಯುತ್ತೆ, ಟೈರು ಬಿಸಿಯಾದ ದಿನ ಏಳುತ್ತೆ. ನಾವೇ ಪಕ್ಕದಲ್ಲಿ ನಿಂತು "ಬೇಗ ಮಾಡೋ, ಬೇಗ ಮಾಡೋ" ಅಂತ ಕುಣಿದರೆ ಅವನು ಕಾಯೋದು ಹೇಗೆ?

ಟ್ಯೂಬ್‌ಲೆಸ್ ಟೈರು ಇದ್ದವರಿಗೂ ಒಂದು ಮಾತು. ಹೊರಗಿನಿಂದ ಸೂಜಿಯಲ್ಲಿ ಅಂಟಿನ ದಾರ ತುರುಕಿ, ಹೊರಗೆ ಉಳಿದ ತುದಿ ಕತ್ತರಿಸಿ, 'ಝಾಲಂ ಸಾಹೇಬ್' ಅಂತಾರಲ್ಲ, ಅದು ಮನೆ ಮುಟ್ಟೋವರೆಗಿನ ವ್ಯವಸ್ಥೆ. ಪೂರ್ತಿ ರಿಪೇರಿ ಅಂದರೆ ಟೈರು ಬಿಚ್ಚಿ, ಒಳಗೆ ಪೆಟ್ಟಾಗಿದೆಯಾ ನೋಡಿ, ತೂತು ತುಂಬಿಸಿ, ಒಳಮೈಗೆ ಪ್ಯಾಚು ಹಾಕೋದು. ಅದೂ ನೆಲಕ್ಕೆ ತಾಗೋ ಭಾಗದಲ್ಲಿ ಮಾತ್ರ, ಕಾರಿನ ಟೈರಾದರೆ ತೂತು 6 ಮಿಲಿಮೀಟರ್ ಒಳಗಿದ್ದರೆ ಮಾತ್ರ. ಪಕ್ಕದ ಗೋಡೆಯ ತೂತಿಗೆ ರಿಪೇರಿ ಇಲ್ಲ. ಇನ್ನು ಟೈರಿನೊಳಗೆ ಸುರಿಯೋ ಅಂಟಿನ ದ್ರವ - ಸಣ್ಣ ತೂತು ಮುಚ್ಚುತ್ತೆ ನಿಜ, ಆದರೆ ಮೊಳೆ ಎಲ್ಲಿದೆ, ಒಳಗೇನಾಗಿದೆ ಅನ್ನೋದನ್ನೂ ಮುಚ್ಚಿಬಿಡುತ್ತೆ. ನೈಟ್ರೋಜನ್? ನಾವು ಉಸಿರಾಡೋ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ. ತೂತಿನಿಂದ ಹೊರಗೆ ಹೋಗೋಕೆ ನೈಟ್ರೋಜನ್ನಿಗೆ ಏನೂ ಸಂಕೋಚ ಇಲ್ಲ.

ಟ್ರೇಲರಿನ ಇನ್ನೊಂದು ದುರದೃಷ್ಟ ಅಂದರೆ ಅದಕ್ಕೆ ಸಿಗೋ ಟೈರುಗಳು. ಹೊಸ ಟೈರು ಟ್ರ್ಯಾಕ್ಟರಿಗೆ, ಲಾರಿಗೆ. ಅಲ್ಲಿ ಸವೆದು, ಬಿರುಕು ಬಿಟ್ಟು, ರಿಟೈರ್ ಆದದ್ದಕ್ಕೆ ಟ್ರೇಲರಿನಲ್ಲಿ ಪುನರ್ನೇಮಕ! 'ಹಿಂದಿನದಲ್ವಾ, ನಡೆಯುತ್ತೆ.' ಏಪ್ರಿಲಿನಿಂದ ಅಕ್ಟೋಬರುವರೆಗೆ ಅದು ಬೇವಿನ ಮರದ ಪಕ್ಕ ಬಿಸಿಲು ಮಳೆಗೆ ನಿಂತಲ್ಲೇ ನಿಂತಿರುತ್ತೆ. ಟೈರಿನ ಒಂದೇ ಜಾಗದ ಮೇಲೆ ಆರು ತಿಂಗಳು ಭಾರ. ರಿಮ್ಮಿಗೆ ತುಕ್ಕು. ಹಂಗಾಮು ಶುರುವಾದ ದಿನ ಗಾಳಿ ಹೊಡೆದು ಹೊರಡೋದು. ಸೋರದೆ ಇನ್ನೇನು ಮಾಡುತ್ತೆ? ಮಳೆಗಾಲಕ್ಕೆ ಮುಂಚೆ ಕಲ್ಲಿನ ಮೇಲೆ ಟ್ರೇಲರನ್ನ ಎತ್ತಿಟ್ಟು ಟೈರಿನ ಮೇಲೆ ಹಳೇ ಗೋಣಿ ಚೀಲ ಮುಚ್ಚಿದರೆ ಖರ್ಚು ಸೊನ್ನೆ.

"ಸಾಹೇಬ್ರ, ನಿಮಗ ಎಸಿ ಒಳಗ ಕೂತು ಹೇಳೂದು ಸರಳ. ಹಂಗಾಮಿನ್ಯಾಗ ಟೈಮ್ ಎಲ್ಲೈತ್ರಿ?" ಅಂತ ಊರ ಕಡೆಯ ಒಬ್ಬ ಟ್ರೇಲರ್ ಮಾಲೀಕರು ನನಗೆ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಕಡಿದ ಕಬ್ಬು ಒಣಗ್ತಾ ತೂಕ ಇಳಿಯುತ್ತೆ, ಸಕ್ಕರೆ ಅಂಶ ಇಳಿಯುತ್ತೆ. ಸಾಗಣೆಯ ದುಡ್ಡು ಟನ್ ಲೆಕ್ಕದಲ್ಲಿ. ಕಾರ್ಖಾನೆಯಿಂದ ಮುಂಗಡ ತಗೊಂಡಾಗಿದೆ, ಇಲ್ಲಿಯವರ ಮಾತಿನಲ್ಲಿ ಅದು 'ಉಚಲ್'. ಆ ಉಚಲ್ ತೀರೋವರೆಗೆ ಟ್ರಿಪ್ಪು ನಿಲ್ಲಿಸೋ ಹಾಗಿಲ್ಲ. ಒಪ್ಪಿದೆ. ಆದರೆ ಅವರಿಗೆ ಕೊಟ್ಟ ಲೆಕ್ಕವನ್ನೇ ನಿಮಗೂ ಕೊಡ್ತೀನಿ. ಹಂಗಾಮು 150 ದಿನ ಅಂತ ಇಟ್ಕೊಳ್ಳಿ. ದಿನ ಬಿಟ್ಟು ದಿನ ಗಾಳಿಗೆ ನಿಲ್ಲಿಸಿದರೆ 75 ಸಲ. ಒಂದೊಂದು ಸಲಕ್ಕೆ 20 ನಿಮಿಷ. ಒಟ್ಟು 1,500 ನಿಮಿಷ, ಅಂದರೆ 25 ಗಂಟೆ. ಚಕ್ರ ಬಿಚ್ಚಿ, ತೂತು ಹುಡುಕಿ, ಪ್ಯಾಚು ಹಾಕಿ ಮತ್ತೆ ಕೂರಿಸೋಕೆ ಬಹಳ ಅಂದರೆ ಎರಡು ಗಂಟೆ. ಟೈಮ್ ಇಲ್ಲದವನು ಯಾವುದು ಮಾಡಬೇಕು ನೀವೇ ಹೇಳಿ! ಗಾಳಿ ಕಡಿಮೆ ಇದ್ದ ಟೈರು ಎಳೆಯೋಕೆ ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ, ಅದನ್ನ ಲೆಕ್ಕಕ್ಕೇ ಹಿಡಿದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ತೂಕಕ್ಕೆ ಸರದಿ ಕಾಯ್ತಾ ಗಂಟೆಗಟ್ಟಲೆ ನಿಲ್ತಾರಲ್ಲ, ಆಗ ಟೈಮ್ ಇರುತ್ತೆ. ಭಾರ ಇಳಿಸಿದ ಮೇಲೆ, ಹೊರಗೆ ಬಂದ ಕೂಡಲೇ, ಅಲ್ಲೇ ಗೇಟಿನ ಮುಂದಿರೋ ಅಂಗಡಿಯಲ್ಲಿ ಮಾಡಿಸಬಹುದು. ಖಾಲಿ ಟ್ರೇಲರಿನ ಚಕ್ರ ಬಿಚ್ಚೋದು ಸುಲಭ, ಸುರಕ್ಷಿತ ಕೂಡ.

ಸುರಕ್ಷತೆ ಅಂದ ಕೂಡಲೇ ಇನ್ನೊಬ್ಬನ ವಿಷಯ ಹೇಳಲೇಬೇಕು. ಗಾಳಿ ಹಾಕೋ ಹುಡುಗ. ಗಾಳಿ ಇಳಿದ ಟೈರಿನ ಮೇಲೆ ಭಾರ ಹೊತ್ತು ಹತ್ತಾರು ಕಿಲೋಮೀಟರ್ ಓಡಿಸಿಕೊಂಡು ಬಂದು, "ಹೊಡಿ ತಮ್ಮಾ" ಅಂತ ನಿಲ್ಲಿಸ್ತಾರೆ. ಒಳಗೆ ದಾರ ಹರಿದಿದೆಯೋ, ರಿಮ್ಮಿನ ಲಾಕ್ ರಿಂಗು ಸರಿದಿದೆಯೋ ಯಾರಿಗೂ ಗೊತ್ತಿಲ್ಲ. ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಗಾಳಿ ಬಿಡ್ತಾನೆ. ಆ ಹೊತ್ತಿನಲ್ಲಿ ಟೈರು ಸಿಡಿದರೆ, ರಿಂಗು ಹಾರಿದರೆ, ಅದರ ಪೆಟ್ಟಿಗೆ ಜೀವ ಹೋಗುತ್ತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ, ದೊಡ್ಡ ವಾಹನದ ಟೈರು ಇರಬೇಕಾದ ಒತ್ತಡದ ನೂರಕ್ಕೆ 80 ಅಥವಾ ಅದಕ್ಕಿಂತ ಕಡಿಮೆಯಲ್ಲಿ ಓಡಿದ್ದರೆ ಮೊದಲು ಪೂರ್ತಿ ಗಾಳಿ ತೆಗೆದು, ಚಕ್ರದಿಂದ ಬಿಚ್ಚಿ ನೋಡಬೇಕು ಅಂತ ಇದೆ. ರಿಂಗಿನ ಚಕ್ರಕ್ಕೆ ಗಾಳಿ ತುಂಬೋವಾಗ ಕಬ್ಬಿಣದ ಪಂಜರದೊಳಗೆ ಇಡಬೇಕು ಅಂತಲೂ ಇದೆ. ನಮ್ಮಲ್ಲಿ ಪಂಜರ ಇಲ್ಲ, ಹುಡುಗ ಇದ್ದಾನೆ. ಹದಿನೆಂಟು ಇಪ್ಪತ್ತರ ಹುಡುಗ, ಊರು ಎಲ್ಲೋ, ಅಪ್ಪ ಅಮ್ಮ ಎಲ್ಲೋ. ನಾವೂ ಒಂದು ಕಾಲಕ್ಕೆ ಟ್ರಂಕು ಹಿಡ್ಕೊಂಡು ಬಂದವರೇ ಅಲ್ವಾ? 'ಬರೀ ಗಾಳಿ ತಾನೆ' ಅನ್ನೋ ಮಾತು ಆ ಹುಡುಗನ ಮುಖ ನೋಡಿ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಇಷ್ಟೆಲ್ಲ ಆಗಿ ಕೊನೆಗೆ ಟೈರು ಸಿಡಿದಾಗ ಏನಂತೀವಿ? "ಏನ್ ಮಾಡೋದು, ದೇವರ ಆಟ." ಪೇಪರಿನಲ್ಲೂ ಅದೇ - 'ಟೈರ್ ಸಿಡಿದು ಅಪಘಾತ.' ಓದಿದವನು ತಲೆ ಅಲ್ಲಾಡಿಸಿ ಪುಟ ತಿರುಗಿಸ್ತಾನೆ. ಟೈರೇ ಆರೋಪಿ, ಟೈರೇ ಸತ್ತಿದೆ, ಕೇಸು ಮುಗೀತು!

ಈ ದೇವರ ಆಟದ ವಾದ ಕೋರ್ಟಿಗೂ ಹೋಗಿತ್ತು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬೈಗೆ ಹೋಗ್ತಿದ್ದ ಕಾರಿನ ಹಿಂದಿನ ಟೈರು ಸಿಡಿದು, ಕಾರು ಕಂದಕಕ್ಕೆ ಬಿದ್ದು ಒಬ್ಬರು ತೀರಿಕೊಂಡರು. 2016ರಲ್ಲಿ ಪರಿಹಾರ ನ್ಯಾಯಮಂಡಳಿ ಆ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಕೊಡಬೇಕು ಅಂತು. ಟೈರು ಸಿಡಿದದ್ದು ದೈವಕೃತ, ನಮ್ಮ ಜವಾಬ್ದಾರಿ ಅಲ್ಲ ಅಂತ ವಿಮಾ ಕಂಪನಿ ಮೇಲ್ಮನವಿ ಹಾಕಿತು. 2023ರಲ್ಲಿ ಬಾಂಬೆ ಹೈಕೋರ್ಟು ಆ ಮೇಲ್ಮನವಿಯನ್ನ ವಜಾ ಮಾಡಿತು. ದೈವಕೃತ ಅಂದರೆ ಮನುಷ್ಯನ ಕೈವಾಡ ಇಲ್ಲದ ಪ್ರಕೃತಿ ವಿಕೋಪ. ಟೈರು ಸಿಡಿಯೋದಕ್ಕೆ ವೇಗ, ಕಡಿಮೆ ಗಾಳಿ, ಜಾಸ್ತಿ ಗಾಳಿ, ಹಳೇ ಟೈರು, ಬಿಸಿ ಹೀಗೆ ಕಾರಣಗಳಿರುತ್ತವೆ. ಹೊರಡೋ ಮುಂಚೆ ಟೈರು ನೋಡ್ಕೊಳ್ಳೋದು ಚಾಲಕನ, ಮಾಲೀಕನ ಕೆಲಸ, ನೋಡದಿದ್ದರೆ ಅದು ನಿರ್ಲಕ್ಷ್ಯ. ಇದು ಕೋರ್ಟಿನ ಮಾತಿನ ಸಾರಾಂಶ. ಕಾರಿಗೆ ಹೇಳಿದ ಈ ನ್ಯಾಯ ಟ್ರೇಲರಿಗೆ ಬೇರೆ ಆಗೋಕೆ ಸಾಧ್ಯವಾ?

ಅದೇ ವರ್ಷ ಜುಲೈ 1ರಂದು ಸಮೃದ್ಧಿ ಎಕ್ಸ್‌ಪ್ರೆಸ್‌ವೇಯಲ್ಲಿ, ಬುಲ್ಢಾಣಾ ಜಿಲ್ಲೆಯಲ್ಲಿ, ನಾಗ್ಪುರದಿಂದ ಪುಣೆಗೆ ಬರ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 25 ಜನ ಸತ್ತರು. ಚಾಲಕ ಮೊದಲು ಹೇಳಿದ್ದು ಟೈರು ಸಿಡೀತು ಅಂತ. ಸಾರಿಗೆ ಅಧಿಕಾರಿಗಳ ವರದಿ ಟೈರು ಸಿಡಿದ ಕುರುಹು ಇಲ್ಲ ಅಂತು. ನೋಡಿ, ಟೈರು ನಮಗೆ ಎಷ್ಟು ಅನುಕೂಲದ ನೆಪ ಆಗಿಬಿಟ್ಟಿದೆ! ಯಾಕೆ? 'ಟೈರು ಸಿಡೀತು' ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳಲ್ಲ ಅಂತ. ಮುಂದಿನ ಪ್ರಶ್ನೆ ಒಂದೇ - ಅದಕ್ಕೆ ಕೊನೇ ಸಲ ಗಾಳಿ ಅಳೆದದ್ದು ಯಾವಾಗ, ಅಳೆದವರು ಯಾರು?

ಕಾನೂನು ಇಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಮೋಟಾರು ವಾಹನವೇ, ಅದಕ್ಕೆ ಬೇರೆ ನಂಬರೇ ಇರುತ್ತೆ. 1989ರ ಕೇಂದ್ರ ನಿಯಮಗಳಲ್ಲಿ 94ನೇ ನಿಯಮ ಟೈರಿನದ್ದು. ಟೈರಿನಲ್ಲಿ ಸರಿಯಾಗಿ ಗಾಳಿ ಇರಬೇಕು, ಟೈರು ಸುಸ್ಥಿತಿಯಲ್ಲಿ ಇರಬೇಕು ಅಂತ ಅದು ಹೇಳುತ್ತೆ. 2020ರಲ್ಲಿ ಸರ್ಕಾರ ಇನ್ನೊಂದು ನಿಯಮ ತಂತು. ಟ್ಯೂಬ್‌ಲೆಸ್ ಟೈರಿನ ಸಣ್ಣ ಪ್ರಯಾಣಿಕ ವಾಹನಗಳಲ್ಲಿ ಟೈರಿನ ಒತ್ತಡ ತೋರಿಸೋ ಉಪಕರಣವೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತೆ ಅಂತ. ಅಂದರೆ ನಾಲ್ಕು ಜನ ಕೂರೋ ಕಾರಿಗೆ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ. ಹತ್ತು ಟನ್ ಹೊತ್ತ ಟ್ರೇಲರಿಗೆ ಒದೆಯೋ ಕಾಲೇ ಗತಿ!

ಇನ್ನು ಬ್ಯಾಂಕು, ವಿಮೆ, ಕಾರ್ಖಾನೆ. ಟ್ರ್ಯಾಕ್ಟರ್ ಟ್ರೇಲರ್ ಸಾಲದ ಫೈಲಿನಲ್ಲಿ ಏನೇನಿರುತ್ತೆ ಗೊತ್ತಾ? ಕೊಟೇಶನ್ನು, ಉತಾರೆ, ಜಾಮೀನು, ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು, ವಿಮೆ, ಟ್ರೇಲರಿನ ಮುಂದೆ ಮಾಲೀಕ ನಿಂತ ಫೋಟೋ. ಟೈರಿನ ಸ್ಥಿತಿಗೆ ಒಂದು ಸಾಲು ಇಲ್ಲ. ನನ್ನ ತಪಾಸಣಾ ವರದಿಯಲ್ಲಿ ನಾನು ಟೈರಿನ ಬಗ್ಗೆ ಬರೆದಾಗ ಮೇಲಿನ ಒಬ್ಬ ಅಧಿಕಾರಿ "ಇದೇನು, ಗ್ಯಾರೇಜ್ ರಿಪೋರ್ಟಾ?" ಅಂತ ಕೇಳಿದ್ದರು. "ಸರ್, ನಮ್ಮ ಅಡಮಾನ ನಿಂತಿರೋದು ಅದರ ಮೇಲೇ" ಅಂದೆ. ನಕ್ಕು ಸಹಿ ಹಾಕಿದರು. ವಿಮೆಯವರೋ, ಬರೀ ಟೈರು ಟ್ಯೂಬು ಹಾಳಾದರೆ ದುಡ್ಡಿಲ್ಲ, ಅದರ ಜತೆ ವಾಹನಕ್ಕೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯಲ್ಲಿ ಅರ್ಧ ಅಂತ ಪಾಲಿಸಿಯಲ್ಲೇ ಬರೆದಿರ್ತಾರೆ. ಅಂದರೆ ಟೈರು ಅವರಿಗೂ ನೆನಪಿದೆ, ದುಡ್ಡು ಕೊಡದಿರೋಕೆ! ಕಾರ್ಖಾನೆಯವರು ಪ್ರತಿ ಟ್ರೇಲರನ್ನೂ ಗೇಟಿನಲ್ಲಿ ನಿಲ್ಲಿಸಿ ಕಿಲೋ ಲೆಕ್ಕದಲ್ಲಿ ತೂಗ್ತಾರೆ. ಅದೇ ಜಾಗದಲ್ಲಿ ಒಬ್ಬ ಮನುಷ್ಯ, ಒಂದು ಗೇಜು, ಒಂದು ಪುಸ್ತಕ ಇಟ್ಟರೆ ಎಷ್ಟು ಖರ್ಚು? ಹಂಗಾಮಿನ ಶುರುವಿನಲ್ಲಿ ಟ್ರೇಲರಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಪೇಪರಿನಲ್ಲಿ ಫೋಟೋ ಹಾಕಿಸ್ತಾರೆ, ಒಳ್ಳೇದೇ. ಪಟ್ಟಿ ಹಿಂದೆ ಬರೋನಿಗೆ ಟ್ರೇಲರು ತೋರಿಸುತ್ತೆ. ಟ್ರೇಲರೇ ಅವನ ಮೇಲೆ ಮಗುಚಿ ಬಿದ್ದರೆ ಪಟ್ಟಿ ಏನು ಮಾಡುತ್ತೆ?

ಹಾಗಾಗಿ ನಾನು ಕೇಳೋದು ಮೂರೇ. ಕಾರ್ಖಾನೆ ಗೇಟಿನಲ್ಲಿ ತೂಕದ ಜತೆಗೆ ಟೈರಿನ ಗಾಳಿಯನ್ನೂ ಅಳೆಯಲಿ, ಒಂದೇ ಚಕ್ರ ಎರಡು ಸಲ ಕಡಿಮೆ ಬಂದರೆ ಮುಂದಿನ ಟ್ರಿಪ್ಪಿಗೆ ಮುಂಚೆ ರಿಪೇರಿ ಚೀಟಿ ಕೇಳಲಿ. ಬ್ಯಾಂಕಿನ ತಪಾಸಣಾ ಫಾರಮ್ಮಿನಲ್ಲಿ ಟೈರಿಗೆ ಒಂದು ಸಾಲು ಬರಲಿ, ಟೈರಿಗೆ ಬೇಕಾದ ದುಡ್ಡೂ ದುರಸ್ತಿಯ ಲೆಕ್ಕದಲ್ಲಿ ಸಾಲದೊಳಗೇ ಸೇರಲಿ. ಮೂರನೇದು ನಮಗೆ. ಊರಲ್ಲಿ ಅಣ್ಣನದೋ ಮಾವನದೋ ಟ್ರೇಲರು ಇರೋರು ನಮ್ಮಲ್ಲಿ ಬಹಳ ಜನ ಇದ್ದೀವಿ. ದೀಪಾವಳಿಗೆ ಹೋಗುವಾಗ ಚಿತಳೆಯವರ ಬಾಕರವಡಿ ಒಯ್ಯೋದಂತೂ ಇದ್ದೇ ಇದೆ. ಈ ಸಲ ಅದರ ಜತೆಗೆ ಲಾರಿ ಟೈರು ಅಳೆಯೋ ಗೇಜು ಒಂದು ಒಯ್ದು ಕೊಡಿ. ಜತೆಗೆ ಒಂದು ಹಿಡಿ ವಾಲ್ವ್ ಪಿನ್ನು, ಕ್ಯಾಪು. ಬಾಕರವಡಿ ಎರಡು ದಿನಕ್ಕೆ ಮುಗಿಯುತ್ತೆ, ಗೇಜು ವರ್ಷಗಟ್ಟಲೆ ಇರುತ್ತೆ.

ಟೈರು ಒಂದೇ ಸಲ ಸಿಡಿದರೆ ಅದಕ್ಕೆ ಮಾತಾಡೋಕೆ ಸಮಯ ಸಿಗಲಿಲ್ಲ ಅನ್ನಬಹುದು. ಸಣ್ಣಗೆ ಸೋರೋ ಟೈರು ಹಾಗಲ್ಲ. ಅದು ದಿನಾ ಬೆಳಿಗ್ಗೆ ಕುಗ್ಗಿ ನಿಂತು, ನನ್ನನ್ನ ನೋಡು ಅಂತ ಹೇಳ್ತಾನೇ ಇರುತ್ತೆ. ನಾವು ಅದರ ಬಾಯಿಗೆ ಗಾಳಿ ತುರುಕಿ ಸುಮ್ಮನಾಗಿಸ್ತೀವಿ. ನೋಟೀಸು ಕೈಗೆ ಕೊಟ್ಟ ಮೇಲೂ ಗೊತ್ತಿರಲಿಲ್ಲ ಅನ್ನೋನನ್ನ ಬ್ಯಾಂಕಿನಲ್ಲಿ ನಾವು ಏನಂತ ಕರೀತೀವಿ ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ.

ನೀವೇನಂತೀರಿ?